ಗಾಡಿ ಬಿಟ್ಟಿಳಿದ ಬ್ಯಾಟರಿ

ಬೆಂಗಳೂರಿನ ವಿದ್ಯುತ್ ವಾಹನಗಳ ಚರಿತ್ರೆಯನ್ನು ಮೈಲೇಜಿಗಿಂತ ಹೆಚ್ಚಾಗಿ ರೂಪಿಸಿದ್ದು ಪ್ಲಗ್ಗು. 2001ರಲ್ಲಿ ಬಂದ ರೇವಾ ಕಾರಿನ ಸೀಸ-ಆಮ್ಲದ ಬ್ಯಾಟರಿಗಳು ಮುಂದಿನ ಸೀಟುಗಳ ಕೆಳಗೇ ಇದ್ದವು. ಚಾರ್ಜಿಗೆ ಕಾರೇ ಪ್ಲಗ್ಗಿನ ಬಳಿ ಬರಬೇಕಿತ್ತು. ಅಂಜನಾಪುರದಂಥ ಬಿಡಿಎ ಬಡಾವಣೆಯಲ್ಲಿ, ಮೂರನೇ ಮಹಡಿಯ ಬಾಡಿಗೆದಾರರಿಗೆ ಪಾರ್ಕಿಂಗ್ ಜಾಗದಲ್ಲಿ ಪ್ಲಗ್ಗು ಸಿಗುವುದೇ ಕಷ್ಟ. ಅದೇ ರೇವಾದ ರೂವಾರಿ ಚೇತನ್ ಮೈನಿ 2017ರಲ್ಲಿ ಸನ್ ಮೊಬಿಲಿಟಿಯ ಸಹಸಂಸ್ಥಾಪಕರಾಗಿ ಖಾಲಿ ಬ್ಯಾಟರಿ ಕಳಚಿ ತುಂಬಿದ್ದನ್ನು ಕೂರಿಸುವ ಬ್ಯಾಟರಿ ಬದಲಾವಣೆಯತ್ತ ಹೊರಳಿದ್ದು ಆಕಸ್ಮಿಕವಲ್ಲ. ಕಳಚುವ ಬ್ಯಾಟರಿ ಹುಟ್ಟಿದ್ದು ಚಾರ್ಜಿಂಗ್ ಸಂಕಟದಿಂದ; ಮನೆ ಬೆಳಗಿಸುವ ಕೆಲಸ ಆಮೇಲೆ ಅಂಟಿಕೊಂಡದ್ದು.

2024ರ ನವೆಂಬರ್‌ನಲ್ಲಿ ಓಲಾ ಎಲೆಕ್ಟ್ರಿಕ್, 1.5 ಕಿಲೋವ್ಯಾಟ್-ಅವರ್‌ನ ಸ್ಕೂಟರ್ ಬ್ಯಾಟರಿಯನ್ನು ಕೂರಿಸಿದರೆ 500 ವ್ಯಾಟ್ ಕೊಡುವ ‘ಪವರ್‌ಪಾಡ್’ ಇನ್ವರ್ಟರನ್ನು ಘೋಷಿಸಿತು. ಪೂರ್ತಿ ಹೊರೆಯಲ್ಲಿ ಸುಮಾರು ಮೂರು ಗಂಟೆ: ಫ್ಯಾನು, ದೀಪ, ವೈಫೈ ನಡೆದಾವು, ಗೀಸರ್ ನಡೆಯದು. ಗಾಡಿ ಹೊರಗಿರುವಾಗ ಕರೆಂಟು ಹೋದರೆ ಏನು ಗತಿ, ರಾತ್ರಿ ಬ್ಯಾಟರಿ ಖಾಲಿಯಾದರೆ ಬೆಳಿಗ್ಗೆ ಕೆಲಸಕ್ಕೆ ಹೋಗುವುದು ಹೇಗೆ ಎಂಬ ಆಕ್ಷೇಪಗಳು ನ್ಯಾಯವಾದವೇ. ಹಾಗಾಗಿ ಮನೆಯ ಮೂಲೆಯ ಹಳೇ ಇನ್ವರ್ಟರಿಗೆ ಇದು ಬದಲಿಯಾಗಲಾರದು. ಆದರೆ ಆ ಇನ್ವರ್ಟರು ಕಾಲಿಡದ ಕಡೆ, ಸಂಜೆಯ ತಳ್ಳುಗಾಡಿಗೆ, ಕಟ್ಟಡ ಕೆಲಸದ ಡ್ರಿಲ್ಲಿಗೆ, ಶಾಮಿಯಾನದ ಮೈಕಿಗೆ, ಇದು ಹೋಗಬಲ್ಲದು. ಇದರ ನಿಜವಾದ ಬೆಲೆ ಇರುವುದು ಅಲ್ಲಿ.