ಪೂರ್ತಿ ಒಪ್ಪುತ್ತೇನೆ

ಮನೆಗೆ ಸುಣ್ಣ ಹೊಡೆಸುವ ನೆಪದಲ್ಲಿ ಅಟ್ಟದ ಮೇಲಿನ ಟ್ರಂಕು ಇಳಿಸಿದಾಗ, ಸುತಲಿ ದಾರ ಸುತ್ತಿದ ಒಂದು ಕಾಗದದ ಕಟ್ಟು ಸಿಕ್ಕಿತು. ಎಂ.ಎ. ಇತಿಹಾಸದ ಎರಡನೇ ವರ್ಷದಲ್ಲಿ ನಾನು ಮಾಡಿದ್ದ ಸಮೀಕ್ಷೆಯ ನೂರು ಹಾಳೆಗಳು. ‘ವಿದ್ಯಾರ್ಥಿಗಳಲ್ಲಿ ಸುಸ್ಥಿರತೆಯ ಕುರಿತ ಮನೋಭಾವ’ ಎಂದು ಮೇಲೆ ದಪ್ಪಕ್ಷರ. ಒಂದೇ ಮಗ್ಗುಲಿಗೆ ಜೆರಾಕ್ಸ್ ಮಾಡಿಸಿದ್ದೆ. ಖಾಲಿ ಮಗ್ಗುಲಲ್ಲಿ ಅಮ್ಮ ಅಲ್ಲಲ್ಲಿ ಹಾಲಿನ ಲೆಕ್ಕ ಬರೆದಿದ್ದಾಳೆ. ಪರಿಸರದ ಸಮೀಕ್ಷೆಗೇ ಅರ್ಧ ಕಾಗದ ದಂಡ ಮಾಡುತ್ತಿದ್ದೇವೆಂಬುದು ಆಗ ನನಗಾಗಲಿ, ನಮ್ಮ ಮೇಷ್ಟ್ರಿಗಾಗಲಿ ಹೊಳೆದಿರಲಿಲ್ಲ.

ಅದು 2005ರ ಸುಮಾರು. ಎಲ್ಲ ಪದವಿ ತರಗತಿಗಳಿಗೂ ಪರಿಸರ ಅಧ್ಯಯನ ಕಡ್ಡಾಯವಾಗಿ ಹೊಸತು. ಅದರ ಹಿಂದೆ ಒಂದು ಮೊಕದ್ದಮೆಯಿತ್ತು. ವಕೀಲ ಎಂ.ಸಿ. ಮೆಹ್ತಾ ಹಾಕಿದ ಅರ್ಜಿಯ ಮೇಲೆ 1991ರ ನವೆಂಬರ್ 22ರಂದು ಸುಪ್ರೀಂ ಕೋರ್ಟು ಕೊಟ್ಟ ಆದೇಶ ಈಗ ಓದಿದರೂ ಸೋಜಿಗ. ಸಿನಿಮಾ ಮಂದಿರಗಳು ಪ್ರತಿ ಆಟದಲ್ಲೂ ಪರಿಸರದ ಬಗ್ಗೆ ಸ್ಲೈಡು ತೋರಿಸಬೇಕು, ಆಕಾಶವಾಣಿ ಮತ್ತು ದೂರದರ್ಶನ ಕಾರ್ಯಕ್ರಮ ಮಾಡಬೇಕು, ಶಾಲೆ ಕಾಲೇಜುಗಳಲ್ಲಿ ಪರಿಸರ ಒಂದು ಪಾಠವಾಗಬೇಕು. ಪಾಠ ಮಾತ್ರ ಹತ್ತು ವರ್ಷ ಕಳೆದರೂ ಸರಿಯಾಗಿ ಬರಲಿಲ್ಲ. ಮೆಹ್ತಾ ಮತ್ತೆ ಕೋರ್ಟಿಗೆ ಹೋಗಬೇಕಾಯಿತು. ಆಮೇಲೆ ಯುಜಿಸಿ ಆರು ತಿಂಗಳ ಪಠ್ಯಕ್ರಮ ಮಾಡಿತು, ಎರಾಕ್ ಭರೂಚಾ ಅದಕ್ಕೆ ಪುಸ್ತಕ ಬರೆದರು. ನಮ್ಮ ಕ್ಯಾಂಪಸ್ಸಿನಲ್ಲಿ ಆ ಪರೀಕ್ಷೆಗೆ ಗೈಡು ಓದಿ ಪಾಸಾಗದವರೇ ಇರಲಿಲ್ಲ. ಪರಿಸರ ಇತಿಹಾಸ ಕಲಿಸುತ್ತಿದ್ದ ಮೇಷ್ಟ್ರು, “ಪಾಸಾಗುವುದು ಸರಿಯಮ್ಮ, ಇವರ ಮನಸ್ಸಿನಲ್ಲಿ ಏನಿದೆ ನೋಡಿಕೊಂಡು ಬಾ” ಎಂದು ಒಂದು ಜೆರಾಕ್ಸ್ ಪ್ರತಿ ಕೈಗಿತ್ತರು.

ಅದು ಅಮೆರಿಕದ ವಾಷಿಂಗ್ಟನ್ ರಾಜ್ಯದಲ್ಲಿ ಹುಟ್ಟಿದ ಪ್ರಶ್ನಾವಳಿ. ರೈಲಿ ಡನ್‌ಲ್ಯಾಪ್ ಮತ್ತು ಕೆಂಟ್ ವ್ಯಾನ್ ಲಿಯರ್ ಎಂಬ ಸಮಾಜಶಾಸ್ತ್ರಜ್ಞರು 1978ರಲ್ಲಿ ಪ್ರಕಟಿಸಿದ್ದು. ಮೊದಲು ಹನ್ನೆರಡು ಹೇಳಿಕೆಗಳಿದ್ದವು, 2000ದಲ್ಲಿ ತಿದ್ದಿ ಹದಿನೈದು ಮಾಡಿದರು. ಇಂದಿಗೂ ಯಾವುದೇ ದೇಶದ ವಿಶ್ವವಿದ್ಯಾಲಯದಲ್ಲಿ ವಿದ್ಯಾರ್ಥಿಗಳ ಪರಿಸರ ಪ್ರಜ್ಞೆ ಅಳೆಯಹೊರಟವರು ಬಹುಪಾಲು ಇದನ್ನೇ ಎತ್ತಿಕೊಳ್ಳುತ್ತಾರೆ. ಹೇಳಿಕೆ ಓದಿ, ಪೂರ್ತಿ ಒಪ್ಪುತ್ತೇನೆ ಎಂಬಲ್ಲಿಂದ ಸುತರಾಂ ಒಪ್ಪುವುದಿಲ್ಲ ಎಂಬಲ್ಲಿಯವರೆಗೆ ಒಂದು ಕಡೆ ಗುರುತು ಹಾಕಬೇಕು. ಈ ಗುರುತು ಹಾಕುವ ಕ್ರಮ 1932ರಷ್ಟು ಹಳೆಯದು, ರೆನ್ಸಿಸ್ ಲೈಕರ್ಟ್ ಎಂಬಾತನದು. ಪ್ರಶ್ನಾವಳಿ ಮಾಡಿದವರು ಒಂದು ಜಾಣತನ ತೋರಿದ್ದರು: ಹದಿನೈದರಲ್ಲಿ ಎಂಟು ಪ್ರಕೃತಿಯ ಪರ, ಏಳು ವಿರುದ್ಧ. ಎಲ್ಲದಕ್ಕೂ ಹೂಂಗುಟ್ಟುವವರು ಅಲ್ಲಿ ಸಿಕ್ಕಿಬೀಳುತ್ತಾರೆ.

ಕನ್ನಡ ಮಾಡಲು ಕೂತೆ. ಭೂಮಿಯನ್ನು ಇಕ್ಕಟ್ಟಾದ ಆಕಾಶನೌಕೆಗೆ ಹೋಲಿಸುವ ಹೇಳಿಕೆ ಒಂದಿತ್ತು. ಹುಣಸೂರು ಕಡೆಯ ಗೆಳತಿ, “ಲೇ, ಆಕಾಶನೌಕೇಲಿ ಕೂತವರು ಯಾರೇ ನಮ್ಮಲ್ಲಿ? ಕೆಂಪು ಬಸ್ಸು ಅಂತ ಹಾಕು” ಎಂದಳು. ಹಾಕಲಿಲ್ಲ. ಈಗ ಅನಿಸುತ್ತದೆ, ಹಾಕಬೇಕಿತ್ತು. ‘ಸುಸ್ಥಿರತೆ’ ಎಂಬ ಪದವನ್ನಂತೂ ಅರ್ಧ ಜನ ‘ಸ್ಥಿರತೆ’ ಎಂದೇ ಓದಿಕೊಂಡು, ಸರ್ಕಾರ ಬೀಳುತ್ತದಾ ಎಂದು ಕೇಳಿದರು.

ಹಾಸ್ಟೆಲ್ಲು, ಲೈಬ್ರರಿ, ಕ್ಯಾಂಟೀನು ಎಂದು ಹದಿನೈದು ದಿನ ಅಲೆದೆ. ಮೆಸ್ಸಿನಲ್ಲಿ ಹಾಳೆ ಹಂಚುವಾಗ ಅಡಿಗೆಯ ಅಕ್ಕ ಕೈ ಒರೆಸಿಕೊಳ್ಳುತ್ತಾ ಬಂದು, “ಅದೇನವ್ವಾ, ಓದೋರ್ನೇ ಕೇಳೋದಾ? ದಿನಾ ಎರಡು ಬಕೀಟು ಅನ್ನ ಹೊತ್ಕೊಂಡೋಗಿ ಹಂದಿಗೆ ಸುರಿಯೋಳು ನಾನು, ನನ್ನೂ ಕೇಳು” ಎಂದಳು. ಸಮೀಕ್ಷೆ ವಿದ್ಯಾರ್ಥಿಗಳದ್ದು ಮಾತ್ರ ಅಕ್ಕಾ ಎಂದೆ. ಆ ಹೊತ್ತು ಮೆಸ್ಸಿನಲ್ಲಿ ಕೂತವರೆಲ್ಲ ಆಹಾರ, ನೀರು ಪೋಲಾಗಬಾರದೆಂದು ಮೇಜಿನ ಮೇಲೆ ನನ್ನೆದುರೇ ವಾದ ಮಾಡುತ್ತಿದ್ದರು. ತಟ್ಟೆಗಳಲ್ಲಿ ಅನ್ನ ಉಳಿದಿತ್ತು.

ಈ ಅಂತರ ಸಮೀಕ್ಷೆ ಮಾಡುವವರಿಗೆ ಗೊತ್ತಿಲ್ಲದ್ದಲ್ಲ. 1930ರಿಂದ 1932ರವರೆಗೆ ಸ್ಟ್ಯಾನ್‌ಫರ್ಡಿನ ರಿಚರ್ಡ್ ಲ್ಯಾಪಿಯರ್ ಒಂದು ಚೀನೀ ದಂಪತಿಯ ಜೊತೆ ಕಾರಿನಲ್ಲಿ ಅಮೆರಿಕವನ್ನೆಲ್ಲ ಸುತ್ತಿದ. ಚೀನೀಯರ ಮೇಲೆ ಬಹಳ ದ್ವೇಷವಿದ್ದ ಕಾಲ. 251 ಹೋಟೆಲು, ವಸತಿಗೃಹಗಳಿಗೆ ಹೋದರೆ ಒಂದೇ ಒಂದು ಕಡೆ ಒಳಗೆ ಬಿಡಲಿಲ್ಲ. ಆಮೇಲೆ ಅದೇ ಜಾಗಗಳಿಗೆ ಪತ್ರ ಬರೆದು, ಚೀನೀಯರಿಗೆ ಜಾಗ ಕೊಡುತ್ತೀರಾ ಎಂದು ಕೇಳಿದ. ಉತ್ತರ ಬರೆದವರಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಮಂದಿ ಇಲ್ಲ ಎಂದರು. 1934ರಲ್ಲಿ ಇದನ್ನು ಪ್ರಕಟಿಸಿದ. ಅಲ್ಲಿ ಕಾಗದದ ಮೇಲೆ ಕೆಟ್ಟವರು, ಬಾಗಿಲಲ್ಲಿ ಪರವಾಗಿಲ್ಲದವರು. ನಮ್ಮ ಮೆಸ್ಸಿನಲ್ಲಿ ತಿರುವುಮುರುವು.

ಇನ್ನು ನನ್ನ ತಪ್ಪಿನ ಮಾತು. ಕೊನೆಯ ದಿನಕ್ಕೆ ಎಪ್ಪತ್ತೇಳು ಹಾಳೆಗಳಷ್ಟೇ ವಾಪಸು ಬಂದಿದ್ದವು. ಮೇಷ್ಟ್ರು ನೂರು ಎಂದಿದ್ದರು. ಅವತ್ತು ರಾತ್ರಿ ಕೋಣೆಯ ಬಾಗಿಲು ಹಾಕಿಕೊಂಡು, ಮೂರು ಬಗೆಯ ಪೆನ್ನು ಇಟ್ಟುಕೊಂಡು, ಉಳಿದ ಇಪ್ಪತ್ತಮೂರನ್ನು ನಾನೇ ತುಂಬಿದೆ. ಯಾರಿಗೂ ಅನುಮಾನ ಬರಬಾರದೆಂದು ಅಲ್ಲೊಂದು ಇಲ್ಲೊಂದು ‘ಹೇಳಲಾರೆ’ ಸೇರಿಸಿದೆ.

ಮರುದಿನ ಮೇಷ್ಟ್ರು ಕಟ್ಟು ಬಿಚ್ಚಿ ತಿರುವಿಹಾಕಿದರು. ನಿಜವಾದ ಹಾಳೆಗಳು ಗೊಂದಲದ ಗೂಡು. ಮನುಷ್ಯ ಪ್ರಕೃತಿಯನ್ನು ಆಳಲು ಹುಟ್ಟಿದವನು ಎಂಬುದಕ್ಕೂ ಪೂರ್ತಿ ಒಪ್ಪುತ್ತೇನೆ, ಗಿಡ ಪ್ರಾಣಿಗಳಿಗೆ ಮನುಷ್ಯನಷ್ಟೇ ಹಕ್ಕಿದೆ ಎಂಬುದಕ್ಕೂ ಪೂರ್ತಿ ಒಪ್ಪುತ್ತೇನೆ. ಮೇಷ್ಟ್ರು ಒಂದು ಹಾಳೆ ಎತ್ತಿ ಹಿಡಿದು ತರಗತಿಗೆ ತೋರಿಸಿದರು: “ನೋಡಿ, ಇವರು ಯೋಚನೆ ಮಾಡಿ ಬರೆದಿದ್ದಾರೆ.” ಅದು ನನ್ನದು. ಹಸಿರು ಪೆನ್ನಿನದು. ನಾನು ತಲೆ ತಗ್ಗಿಸಿ ನೋಟ್ಸು ಬರೆದುಕೊಳ್ಳುವವಳಂತೆ ನಟಿಸಿದೆ. ಎ ಗ್ರೇಡು ಬಂತು.

ಆ ಗೊಂದಲವನ್ನು ವಿದ್ಯಾರ್ಥಿಗಳ ಅಜ್ಞಾನವೆಂದು ವರದಿಯಲ್ಲಿ ಬರೆದುಬಿಟ್ಟಿದ್ದೆ. ಪರಿಸರದ ಕಾಳಜಿ ಹೊಟ್ಟೆ ತುಂಬಿದ ಮೇಲೆ ಹುಟ್ಟುವಂಥದ್ದು ಎಂಬ ಅರ್ಥ ಕೊಡುವ ವಾದವೊಂದು, ರೊನಾಲ್ಡ್ ಇಂಗಲ್‌ಹಾರ್ಟ್ 1977ರಲ್ಲಿ ಬರೆದ ಪುಸ್ತಕದಿಂದ ಹಬ್ಬಿದ್ದು, ಆಗಿನ್ನೂ ಜೋರಾಗಿತ್ತು. ನಾನೂ ಅದನ್ನು ಉದ್ಧರಿಸಿದ್ದೆ. ಡನ್‌ಲ್ಯಾಪರೇ ಗ್ಯಾಲಪ್ ಸಂಸ್ಥೆಯೊಂದಿಗೆ ಸೇರಿ 1992ರಲ್ಲಿ ಭಾರತವೂ ಸೇರಿದಂತೆ 24 ದೇಶಗಳಲ್ಲಿ ಜನರನ್ನು ಕೇಳಿ, ಬಡ ದೇಶದವರ ಕಾಳಜಿ ಕಡಿಮೆಯೇನಿಲ್ಲ ಎಂದು ಕಂಡುಕೊಂಡಿದ್ದು ನನ್ನ ಕಣ್ಣಿಗೆ ಬಿದ್ದಿರಲಿಲ್ಲ. ಅದೂ ಹೋಗಲಿ, ಕಣ್ಣಿಗೆ ಬೀಳಲು ಅಮೆರಿಕದ ಸಮೀಕ್ಷೆಯೇ ಬೇಕಿತ್ತೆ? 1987ರ ನವೆಂಬರ್ 14ರಂದು ಆಗಿನ ಧಾರವಾಡ ಜಿಲ್ಲೆಯ ಕುಸನೂರಿನಲ್ಲಿ ರೈತರು ಸಾಮುದಾಯಿಕ ಜಮೀನಿನಲ್ಲಿ ಬೆಳೆಸಿದ್ದ ನೀಲಗಿರಿ ಸಸಿಗಳನ್ನು ಕಿತ್ತು, ತಮಗೆ ಮೇವು, ಹಣ್ಣು ಕೊಡುವ ಗಿಡಗಳನ್ನು ನೆಟ್ಟರು. ‘ಕಿತ್ತಿಕೋ ಹಚ್ಚಿಕೋ’ ಎಂದು ಅದಕ್ಕೆ ಹೆಸರು. ಆ ರೈತರ ಮುಂದೆ ನನ್ನ ಹಾಳೆ ಹಿಡಿದಿದ್ದರೆ? ಗಿಡ ಕಿತ್ತವರು ಪ್ರಕೃತಿಯ ವಿರುದ್ಧ, ನೆಟ್ಟವರು ಪರ. ಒಬ್ಬರೇ ಎರಡೂ ಮಾಡಿದರೆ ಗೊಂದಲ, ಅಜ್ಞಾನ. ಇತಿಹಾಸದ ವಿದ್ಯಾರ್ಥಿನಿಯಾಗಿ ಇದು ನನಗೆ ಗೊತ್ತಿರಬೇಕಿತ್ತು.

ಹೋದ ಭಾನುವಾರ ಕೂತು ನನ್ನ ಇಪ್ಪತ್ತಮೂರನ್ನು ಹೆಕ್ಕಿ ತೆಗೆದೆ. ಕಷ್ಟವಾಗಲಿಲ್ಲ, ಒಂದಕ್ಕೊಂದು ತಾಳೆಯಾಗುವವೆಲ್ಲ ನನ್ನವೇ. ಉಳಿದವನ್ನು ಮತ್ತೆ ಒಂದೊಂದಾಗಿ ಓದಿದೆ, ಈ ಸಲ ಅಂಕ ಕೂಡಿಸದೆ. ಹದಿನೈದಕ್ಕೂ ‘ಪೂರ್ತಿ ಒಪ್ಪುತ್ತೇನೆ’ ಹಾಕಿದ ಒಂದು ಹಾಳೆಯ ಅಂಚಿನಲ್ಲಿ ಪೆನ್ಸಿಲಿನ ಸಣ್ಣ ಅಕ್ಷರ ಕಂಡಿತು. ಹಿಂದೆ ನೋಡಿರಲಾರೆ, ಅಥವಾ ನೋಡಿಯೂ ವರದಿಯಲ್ಲಿ ಸೇರಿಸಲು ಜಾಗ ಸಿಕ್ಕಿರಲಿಕ್ಕಿಲ್ಲ.

“ಅಕ್ಕಾ, ನಮ್ಮ ಬ್ಲಾಕಿಗೆ ನೀರು ಬಂದು ಮೂರು ದಿನ ಆಯ್ತು. ಅದನ್ನು ಎಲ್ಲಿ ಬರೆಯಬೇಕು?”