ಬಿಲ್ಲಿನ ಹೆದೆ ಮತ್ತು ಜೇನುಮೇಣ

‘ಸೊಕ್ಕಿದ್ದವನಿಗೆ ಯಾಣ, ರೊಕ್ಕಿದ್ದವನಿಗೆ ಗೋಕರ್ಣ’ ಎಂಬ ಗಾದೆಯು ನಮ್ಮ ಜಿಲ್ಲೆಯಲ್ಲಿ ಮನೆಮಾತಾಗಿದೆ. ಕುಮಟೆಯ ಸೀಮೆಯ ದಟ್ಟಡವಿಯ ನಡುವೆ ಸುಮಾರು 120 ಮೀಟರು ಎತ್ತರದ ಭೈರವೇಶ್ವರ ಶಿಖರವೂ 90 ಮೀಟರು ಎತ್ತರದ ಮೋಹಿನೀ ಶಿಖರವೂ ಕರಿಯ ಸುಣ್ಣಗಲ್ಲಿನ ಗೋಡೆಗಳಂತೆ ಎದ್ದು ನಿಂತಿರುವದನ್ನೂ, ಭಸ್ಮಾಸುರನ ಕಥೆಯು ಆ ಕರಿದಾದ ನೆಲಕ್ಕೆ ಅಂಟಿಕೊಂಡು ಬಂದಿರುವದನ್ನೂ ವಾಚಕರು ಬಲ್ಲರು. ಆ ಬಂಡೆಯ ಮೈಗೆ ತೂಗುವ ಹೆಜ್ಜೇನಿನ ಹುಟ್ಟುಗಳನ್ನು ತಲೆಯೆತ್ತಿ ನೋಡದ ಯಾತ್ರಿಕನಿಲ್ಲ. ಆದರೆ ಆ ಹುಟ್ಟಿನೊಳಗಿನ ಮೇಣಕ್ಕೂ ಬಿಲ್ಗಾರನ ಕೈಯೊಳಗಿನ ಹೆದೆಗೂ ಇರುವ ನಂಟನ್ನು ನೆನೆಯುವವರು ವಿರಳ. ಆ ನಂಟಿನ ವಿಷಯವಾಗಿ ನಾಲ್ಕು ಮಾತುಗಳನ್ನು ಇಲ್ಲಿ ಬರೆಯಲಾಗಿದೆ.

ನಮ್ಮ ಇತಿಹಾಸದಲ್ಲಿ ಬಿಲ್ಲಿಗೆ ದೊರೆತ ಮನ್ನಣೆಯು ಅಲ್ಪವಾದುದಲ್ಲ. ಕನ್ನಡ ನಾಡಿನ ವೀರಗಲ್ಲುಗಳಲ್ಲಿ ಬಿಲ್ಲನ್ನೆಳೆದು ನಿಂತ ವೀರರು ಕಾಣುವರು. 1117ರಲ್ಲಿ ಪ್ರತಿಷ್ಠೆಯಾದ ಬೇಲೂರಿನ ಗುಡಿಯಲ್ಲಿ ಮದನಿಕೆಯೊಬ್ಬಳು ಬೇಟೆಗಾತಿಯಾಗಿ ಬಿಲ್ಲು ಹಿಡಿದಿರುವಳು. ಹೊನ್ನಾವರದ ಕಡೆಯ ಯಕ್ಷಗಾನದ ಅರ್ಜುನನು ಬಿಲ್ಲಿಲ್ಲದೆ ರಂಗಕ್ಕೆ ಬಾರನು. ಆದರೆ ಹೆದೆಯಿಲ್ಲದ ಬಿಲ್ಲು ಬರಿಯ ಕೋಲು. ಬಿಲ್ಲನ್ನು ಒಮ್ಮೆ ಮಾಡಿದರೆ ಬಹುವರ್ಷ ಬಾಳುವದು. ಹೆದೆಯನ್ನಾದರೋ ದಿನದಿನವೂ ನೋಡಿಕೊಳ್ಳಬೇಕು. ಈ ನಿತ್ಯದ ಆರೈಕೆಯು ಕಲ್ಲಿನಲ್ಲಿ ಮೂಡಲಿಲ್ಲವಾದರೂ ಬೇರೆ ಕಡೆಗಳಲ್ಲಿ ತನ್ನ ಗುರುತನ್ನು ಬಿಟ್ಟಿದೆ.

ಮೊದಲನೆಯದಾಗಿ ಶಬ್ದಗಳನ್ನು ನೋಡುವಾ. ಹೆದೆಗೆ ಹಳಗನ್ನಡದಲ್ಲಿ ‘ನಾರಿ’ ಎಂಬ ಹೆಸರುಂಟು. ಅದು ‘ನಾರು’ ಎಂಬುದರ ಬಳಗದ ಮಾತು. ಸಂಸ್ಕೃತದ ‘ಮೌರ್ವೀ’ ಎಂಬುದು ಮೂರ್ವಾ ಎಂಬ ನಾರಿನ ಗಿಡದಿಂದ ಬಂದಿತು. ಕತ್ತಾಳೆಯನ್ನು ಹೋಲುವ ದಪ್ಪನೆಯ ಎಲೆಯ ಗಿಡವೊಂದನ್ನು ಅನೇಕ ಪಂಡಿತರು ಮೂರ್ವೆಯೆಂದು ಗುರುತಿಸಿರುವರು. ಇಂಗ್ಲಿಷರೂ ಆ ಕುಲದ ಗಿಡಗಳನ್ನು ‘ಹೆದೆಯ ಸಣಬು’ ಎಂಬರ್ಥದ ಹೆಸರಿನಿಂದಲೇ ಕರೆಯುವರು. ಉಪನಯನದ ಕಾಲಕ್ಕೆ ಬ್ರಾಹ್ಮಣ ವಟುವಿಗೆ ಮುಂಜದ ಮೇಖಲೆಯನ್ನೂ ಕ್ಷತ್ರಿಯ ವಟುವಿಗೆ ಮೂರ್ವೆಯ ಹೆದೆಯನ್ನೂ ವೈಶ್ಯ ವಟುವಿಗೆ ಸಣಬಿನ ನೂಲನ್ನೂ ಮನುಸ್ಮೃತಿಯು ವಿಧಿಸುವದು. ಹೆದೆಯೆಂದರೆ ನಾರು ಎಂಬ ತಿಳಿವಳಿಕೆಯು ಹೀಗೆ ಎರಡು ಭಾಷೆಗಳಲ್ಲಿಯೂ ಬೇರೂರಿದೆ.

ಎರಡನೆಯ ಆಧಾರವು ಕೌಟಿಲ್ಯನ ಅರ್ಥಶಾಸ್ತ್ರ. ಬಹುಕಾಲ ಕಣ್ಮರೆಯಾಗಿದ್ದ ಈ ಗ್ರಂಥದ ತಾಳೆಗರಿಗಳನ್ನು 1905ರಲ್ಲಿ ಮೈಸೂರಿನ ಪ್ರಾಚ್ಯ ಪುಸ್ತಕ ಭಂಡಾರದಲ್ಲಿ ಗುರುತಿಸಿ, 1909ರಲ್ಲಿ ಅಚ್ಚು ಹಾಕಿಸಿದವರು ನಮ್ಮವರೇ ಆದ ಆರ್. ಶಾಮಾಶಾಸ್ತ್ರಿಗಳು. ಅದರ ಆಯುಧಾಗಾರದ ಪ್ರಕರಣದಲ್ಲಿ ಹೆದೆಗೆ ತಕ್ಕ ಆರು ವಸ್ತುಗಳನ್ನು ಹೇಳಿದೆ: ಮೂರ್ವೆ, ಎಕ್ಕ, ಸಣಬು, ಗವೇಧುವೆಂಬ ಹುಲ್ಲು, ಬಿದಿರು, ಮತ್ತು ಪ್ರಾಣಿಗಳ ನರ. ಇವುಗಳಲ್ಲಿ ಐದು ಗಿಡಮರಗಳಿಂದ ಬರುವವು. ಮುಂದಿನ ಕಾಲದ ಧನುರ್ವೇದದ ಗ್ರಂಥಗಳು ಎಕ್ಕದ ತೊಗಟೆಯನ್ನು ಹೆದೆಗಾಗಿ ತೆಗೆಯಲಿಕ್ಕೆ ಭಾದ್ರಪದ ಮಾಸವೇ ಪ್ರಶಸ್ತವೆನ್ನುವವು. ಮಳೆಯುಂಡು ಬೆಳೆದ ಗಿಡದ ನಾರು ಉದ್ದವಾಗಿಯೂ ಹಸನಾಗಿಯೂ ಸುಲಿಯುವದೆಂಬುದನ್ನು ಒಕ್ಕಲುತನ ಬಲ್ಲವರು ಒಪ್ಪುವರು.

ಅದೇ ಪ್ರಕರಣದಲ್ಲಿ ಕೌಟಿಲ್ಯನು ಆಯುಧಗಳ ಪಾಲನೆಯ ವಿಧಿಯನ್ನೂ ಹಾಕಿಕೊಟ್ಟಿರುವನು. ಅಧಿಕಾರಿಯು ಅವುಗಳ ಜಾಗವನ್ನು ಆಗಾಗ ಬದಲಿಸಬೇಕು. ಬಿಸಿಲಿಗೂ ಗಾಳಿಗೂ ಹಿಡಿಯಬೇಕು. ಕಾವು, ತೇವ, ಹುಳು ಇವುಗಳಿಂದ ಕೆಡುವಂಥವನ್ನು ಬೇರೆ ಕಡೆಗೆ ಸಾಗಿಸಬೇಕು. ಹುಳುವಿನ ಭಯವು ಬರಿಯ ಕಲ್ಪನೆಯಲ್ಲ. ವಿಷ್ಣುವು ಹೆದೆಯೇರಿಸಿದ ಬಿಲ್ಲಿನ ತುದಿಗೆ ತಲೆಯಾನಿಸಿ ನಿಂತಿದ್ದಾಗ ಗೆದ್ದಲುಗಳು ಹೆದೆಯನ್ನು ಕಡಿದುಹಾಕಲು, ಬಿಲ್ಲಿನ ತುದಿಗಳು ಸಿಡಿದು ಅವನ ಶಿರಸ್ಸು ಹಾರಿತೆಂಬ ಕಥೆಯು ಶತಪಥ ಬ್ರಾಹ್ಮಣದಲ್ಲಿದೆ. ಕಥೆಯ ಯಜ್ಞಪರವಾದ ಅರ್ಥವು ಏನೇ ಇರಲಿ, ಹೆದೆಯೇರಿಸಿದ ಬಿಲ್ಲನ್ನು ಹಾಗೆಯೇ ಬಿಡಬಾರದೆಂಬ ಲೋಕಾನುಭವವು ಅದರಲ್ಲಿ ಅಡಗಿದೆ. ಸೆಳೆತದಲ್ಲಿರುವಾಗ ಹೆದೆಯು ಹರಿದರೆ ಅದರ ಪೆಟ್ಟನ್ನು ಬಿಲ್ಲೂ ಬಿಲ್ಗಾರನೂ ಉಣ್ಣಬೇಕಾಗುವದು.

ವರ್ಷಕ್ಕೆ 3000 ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುವ ನಮ್ಮ ಕರಾವಳಿಯಲ್ಲಿ ತೇವದ ಕಾಟವನ್ನು ಬಣ್ಣಿಸಬೇಕಾಗಿಲ್ಲ. ಹೊಸೆದ ನಾರು ನೀರು ಕುಡಿದರೆ ಉಬ್ಬಿ ಗಿಡ್ಡಾಗುವದು, ತೇವ ಉಳಿದರೆ ಕೊಳೆಯುವದು. ನರದ ಹೆದೆಯು ನೆನೆದರೆ ಸಡಿಲಾಗುವದು. ಎಳೆಗಳು ಒಂದಕ್ಕೊಂದು ತಿಕ್ಕಿ ನವೆಯುವದೂ ಉಂಟು. ನಾರಿನ ಹೆದೆಯ ಈ ಕೇಡುಗಳಿಗೆಲ್ಲ ಜೇನುಮೇಣವು ಒಳ್ಳೆಯ ಮದ್ದು. ತುಪ್ಪವನ್ನು ಹಿಂಡಿದ ಬಳಿಕ ಹುಟ್ಟನ್ನು ನೀರಿನಲ್ಲಿ ಕುದಿಸಿ ಬಟ್ಟೆಯಲ್ಲಿ ಸೋಸಿದರೆ, ಆರಿದ ಮೇಲೆ ಮೇಣವು ನೀರಿನ ಮೇಲೆ ಹೆಪ್ಪುಗಟ್ಟುವದು. ಅದರ ಗಟ್ಟಿಯನ್ನು ಹೆದೆಯ ಉದ್ದಕ್ಕೂ ತೀಡಿ, ಬಳಿಕ ತೊಗಲಿನ ತುಂಡಿನಿಂದಾಗಲಿ ಬೆರಳುಗಳಿಂದಾಗಲಿ ಚುರುಕಾಗಿ ಉಜ್ಜಬೇಕು. ಮೇಣವು ಕರಗುವದು ಸುಮಾರು 63 ಡಿಗ್ರಿ ಸೆಂಟಿಗ್ರೇಡಿನಲ್ಲಿ. ಉಜ್ಜುವ ಕಾವಿಗೆ ಅದು ಮೆತ್ತಗಾಗಿ ಎಳೆಗಳ ಸಂದಿಗೆ ಇಳಿಯುವದು. ಆಗ ಎಳೆಗಳು ಒಂದುಗೂಡಿ ನಿಲ್ಲುವವು, ನೀರು ಒಳಹೊಗದು, ತಿಕ್ಕಾಟವೂ ತಗ್ಗುವದು. ಮೇಣ ಅತಿಯಾದರೆ ಹೆದೆಯು ಭಾರವಾಗಿ ಬಾಣದ ವೇಗ ಕುಗ್ಗುವದು, ಧೂಳೂ ಅಂಟುವದು. ಆದಕಾರಣ ಹೆಚ್ಚಾದುದನ್ನು ಒರಸಿ ತೆಗೆಯಬೇಕು. ಎಳೆ ಎದ್ದಿರುವ ಹೆದೆಗೆ ಮೇಣ ಹಚ್ಚಿ ಮರೆಮಾಡುವದು ಸಲ್ಲದು. ಅದನ್ನು ಬಿಸುಟು ಹೊಸದನ್ನು ಹೊಸೆಯುವದೇ ಲೇಸು.

ಹೊರನಾಡುಗಳ ಚರಿತ್ರೆಯೂ ಈ ಮಾತನ್ನು ಸಮರ್ಥಿಸುವದು. 1346ರ ಕ್ರೆಸಿಯ ಕಾಳಗಕ್ಕೆ ಮುಂಚೆ ಮಳೆ ಬಂದಾಗ, ಇಂಗ್ಲಿಷ್ ಬಿಲ್ಗಾರರು ಹೆದೆಗಳನ್ನು ಬಿಚ್ಚಿ ಶಿರಸ್ತ್ರಾಣದ ಕೆಳಗೆ ತಲೆಯ ಮೇಲೆ ಇಟ್ಟುಕೊಂಡರೆಂದು ಆ ಕಾಲದ ಫ್ರೆಂಚ್ ಬಖೈರುಕಾರನೊಬ್ಬನು ಬರೆದಿರುವನು. ಅಡ್ಡಬಿಲ್ಲುಗಳ ಎದುರಾಳಿಗಳಿಗೆ ಆ ಅನುಕೂಲವಿರಲಿಲ್ಲ. 1545ರಲ್ಲಿ ರೋಜರ್ ಆಸ್ಕಮ್ ಎಂಬ ವಿದ್ವಾಂಸನು ಬಿಲ್ವಿದ್ಯೆಯನ್ನು ಕುರಿತು ಬರೆದ ಪುಸ್ತಕದಲ್ಲಿ, ಹೆದೆಯು ಚಿಕ್ಕದಾದರೂ ಅದರ ಕೇಡಿನಿಂದ ಬಿಲ್ಲೇ ಕೆಡುವದೆಂದು ಎಚ್ಚರಿಸಿರುವನು. ಅದೇ ವರ್ಷ ಮುಳುಗಿದ ‘ಮೇರಿ ರೋಸ್’ ಎಂಬ ಯುದ್ಧದ ಹಡಗನ್ನು 1982ರಲ್ಲಿ ಮೇಲಕ್ಕೆತ್ತಿದರು. ಅದರಿಂದ ನೂರಕ್ಕೂ ಹೆಚ್ಚು ಬಿಲ್ಲುಗಳು ದೊರೆತವು. ಅವುಗಳ ಹೆದೆಗಳು ಮಾತ್ರ ಸಮುದ್ರದ ಪಾಲಾಗಿದ್ದವು.

ಕಡಲಿನ ತಳದಲ್ಲಿ ಆದುದೇ ಇತಿಹಾಸದ ಪುಟಗಳಲ್ಲಿಯೂ ಆಗಿದೆ: ಬಿಲ್ಲು ಉಳಿಯಿತು, ಹೆದೆ ಅಳಿಯಿತು. ನಾರು ಸುಲಿದವರ, ಹುರಿ ಹೊಸೆದವರ, ಮೇಣ ಕಾಸಿದವರ ಹೆಸರನ್ನು ಯಾವ ಶಾಸನವೂ ಹೊತ್ತು ತರಲಿಲ್ಲ. ಮನ್ಮಥನ ಕಬ್ಬಿನ ಬಿಲ್ಲಿಗೆ ದುಂಬಿಗಳ ಸಾಲನ್ನೇ ಹೆದೆಯಾಗಿ ಕಟ್ಟಿದ ಕವಿಗಳು ಕೂಡ, ಮಾನವರ ಹೆದೆಯನ್ನು ಕಾಪಾಡಿದ ಜೇನ್ನೊಣಕ್ಕೆ ಅಂಥ ಗೌರವವನ್ನು ಕೊಡಲಿಲ್ಲ. ವನ್ಯಜೀವಿಗಳ ರಕ್ಷಣೆಗಾಗಿ 1972ರಲ್ಲಿ ಕಾನೂನು ಬಂದ ಬಳಿಕ ಬೇಟೆಯ ಬಿಲ್ಲಿಗೆ ಕೆಲಸವಿಲ್ಲ, ಹಾಗಾಗಬೇಕಾದುದೂ ಯುಕ್ತವೇ. ಪಂದ್ಯಗಳಲ್ಲಿ ಬಿಲ್ಲು ಹಿಡಿಯುವ ಇಂದಿನ ತರುಣರು ಕೃತಕ ನೂಲಿನ ಹೆದೆಯನ್ನು ಬಳಸುವರಾದರೂ, ಅದಕ್ಕೂ ಮೇಣ ತೀಡುವದನ್ನು ಬಿಟ್ಟಿಲ್ಲ.

ಆದರೆ ನಾರಿನ ಜ್ಞಾನವು ಬಿಲ್ಲಿನೊಡನೆ ಹೋಗಬೇಕಾಗಿಲ್ಲ. ಯಾವ ಗಿಡದ ತೊಗಟೆಯನ್ನು ಯಾವ ಮಾಸದಲ್ಲಿ ಸುಲಿಯಬೇಕು, ಹುರಿಯನ್ನು ಎಷ್ಟು ಎಳೆಗಳಿಂದ ಹೊಸೆಯಬೇಕು, ಮೇಣವನ್ನು ಹೇಗೆ ಸೋಸಬೇಕು ಎಂಬುದನ್ನು ಬಲ್ಲ ವೃದ್ಧರು ಘಟ್ಟದ ಕೆಳಗಿನ ಹಳ್ಳಿಗಳಲ್ಲಿ ಇರುವಾಗಲೇ, ಅವರ ಮಾತುಗಳನ್ನು ಅವರದೇ ಶಬ್ದಗಳಲ್ಲಿ ಬರೆದಿಡುವದು ವಿದ್ಯಾವಂತರ ಕರ್ತವ್ಯವಾಗಿದೆ. ಒಂದೊಂದು ಮನೆಯವರು ಹತ್ತು ಹತ್ತು ಶಬ್ದಗಳನ್ನು ಕೂಡಿಹಾಕಿದರೂ ಅದು ನಮ್ಮ ಜಿಲ್ಲೆಯ ಇತಿಹಾಸಕ್ಕೆ ಸಲ್ಲುವ ದೊಡ್ಡ ಕಾಣಿಕೆಯಾದೀತು.