ನಾಲ್ಕೂವರೆ ಅಡಿಯ ಮರೆ

ನಮ್ಮ ಜಿಲ್ಲೆಯ ಹೆಸರು ಬಿಜಾಪುರದಿಂದ ವಿಜಯಪುರವಾದ 2014ರ ಸುಮಾರಿಗೆ ಸಿಂದಗಿಯ ಒಂದು ಸೈಬರ್ ಸೆಂಟರಿಗೆ ನಾವು ಫಲಿತಾಂಶ ನೋಡಲು, ಅರ್ಜಿ ತುಂಬಲು ಹೋಗುತ್ತಿದ್ದೆವು. ಕೂರುವ ಮೊದಲು ರಿಜಿಸ್ಟರಿನಲ್ಲಿ ಹೆಸರು, ಊರು, ಫೋನ್ ನಂಬರು, ಬಂದ ಹೊತ್ತು ಬರೆಯಬೇಕು. ಏಳುವಾಗ ಕೆಲವರು ಮೆಲ್ಲಗೆ ಹೇಳುತ್ತಿದ್ದರು: “ಅಣ್ಣಾರ, ನಾ ನೋಡಿದ್ದೆಲ್ಲಾ ಅಳಸಿಬಿಡ್ರಿ.” “ಅಳಸೀನಿ ತಗೋರಿ” ಎಂಬ ಉತ್ತರ ಬರುತ್ತಿತ್ತು.

ಆ ರಿಜಿಸ್ಟರು ಮಾಲೀಕರ ಮರ್ಜಿಯಲ್ಲ. ಬಂದವರ ವಿವರವನ್ನೂ ತೆರೆದ ಜಾಲತಾಣಗಳ ದಾಖಲೆಯನ್ನೂ ಕನಿಷ್ಠ 1 ವರ್ಷ ಇಟ್ಟುಕೊಳ್ಳಬೇಕೆಂದು ಕೇಂದ್ರ ಸರ್ಕಾರದ 2011ರ ಸೈಬರ್ ಕೆಫೆ ನಿಯಮಗಳು ಹೇಳಿದ್ದವು. ನಡುವಿನ ಅಡ್ಡಗೋಡೆ ನಾಲ್ಕೂವರೆ ಅಡಿ ಮೀರುವಂತಿರಲಿಲ್ಲ. ಕೂತವನಿಗೆ ಅದು ಮರೆ, ನಿಂತವನಿಗೆ ಬಯಲು.

ಬ್ರೌಸರಿನ ಖಾಸಗಿ ಕಿಟಕಿಯೂ ಇಂಥದೇ ಮರೆ. 2005ರಲ್ಲಿ ಆ್ಯಪಲ್‌ನ ಸಫಾರಿಯಲ್ಲಿ ಅದು ಬಂತು. 2008ರಲ್ಲಿ ಗೂಗಲ್ ಕ್ರೋಮ್‌ನಲ್ಲಿ ‘ಇನ್‌ಕಾಗ್ನಿಟೊ’ ಆಯಿತು. ಕಿಟಕಿ ಮುಚ್ಚಿದಾಗ ನೋಡಿದ ಪುಟಗಳ ಪಟ್ಟಿ, ಕುಕೀಗಳು ಆ ಯಂತ್ರದಿಂದ ಅಳಿಯುತ್ತವೆ, ಅಷ್ಟೇ. ಇಳಿಸಿಕೊಂಡ ಕಡತ ಉಳಿಯುತ್ತದೆ. ತಾಣಕ್ಕೆ ನಮ್ಮ ಐಪಿ ವಿಳಾಸ ಕಾಣುತ್ತದೆ. ಲಾಗಿನ್ ಆದರೆ ನಾವು ಯಾರೆಂಬುದೂ ತಿಳಿಯುತ್ತದೆ. ಯಾವ ತಾಣಕ್ಕೆ ಹೋದೆವೆಂಬುದನ್ನು ಇಂಟರ್ನೆಟ್ ಕೊಡುವ ಕಂಪನಿ ಸಾಮಾನ್ಯವಾಗಿ ಕಾಣಬಲ್ಲದು. ಈ ಕಿಟಕಿಯ ಬಗ್ಗೆಯೇ 2020ರಲ್ಲಿ ಅಮೆರಿಕದಲ್ಲಿ ಗೂಗಲ್ ಮೇಲೆ ದಾವೆ ಹೂಡಲಾಯಿತು. 2024ರ ಒಪ್ಪಂದದಲ್ಲಿ, ಹಾಗೆ ಸಂಗ್ರಹವಾದ ಶತಕೋಟಿಗಟ್ಟಲೆ ದಾಖಲೆಗಳನ್ನು ಅಳಿಸಲು ಕಂಪನಿ ಒಪ್ಪಿತು.

ಹಾಗಾದರೆ ಈ ಮರೆ ವ್ಯರ್ಥವೇ? ಇಂಡಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಯ ಮನೆಗಳಲ್ಲಿ ಒಂದೇ ಫೋನು ಅಣ್ಣ, ತಂಗಿ, ಅವ್ವ ಎಲ್ಲರ ಕೈಯಲ್ಲಿ ಓಡಾಡುವುದುಂಟು. ತನ್ನ ದೇಹದ ಬಗ್ಗೆ, ಕಾಯಿಲೆಯ ಬಗ್ಗೆ ಏನೋ ತಿಳಿಯಬೇಕಾದ ಹುಡುಗಿಗೆ ಮೊದಲ ಭಯ ದೂರದ ಕಂಪನಿಯದಲ್ಲ, ಮನೆಯವರದು. ಅವಳಿಗೆ ಈ ಮರೆ ಸಣ್ಣದಲ್ಲ. ಆದರೆ ಮನೆಯವರ ಕಣ್ಣು ತಪ್ಪಿಸಿದ ಮಾತ್ರಕ್ಕೆ ಎಲ್ಲರ ಕಣ್ಣೂ ತಪ್ಪಿತೆಂದು ಅವಳು ನಂಬಿದರೆ, ಆ ನಂಬಿಕೆಯೇ ಅವಳಿಗೆ ಅಪಾಯ.

ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ 2012ರಲ್ಲಿ ಆಧಾರ್ ಪ್ರಶ್ನಿಸಿ ಸುಪ್ರೀಂ ಕೋರ್ಟಿಗೆ ಹೋದರು. ಆ ಪ್ರಕರಣದಲ್ಲೇ 2017ರ ಆಗಸ್ಟ್ 24ರಂದು 9 ನ್ಯಾಯಮೂರ್ತಿಗಳ ಪೀಠ ಖಾಸಗಿತನವನ್ನು ಮೂಲಭೂತ ಹಕ್ಕು ಎಂದಿತು. ಹಕ್ಕಿನ ಕೆಲಸವನ್ನು ಒಂದು ಗುಂಡಿ ಮಾಡಲಾರದು. ಸೈಬರ್ ಸೆಂಟರಿನ ಅಣ್ಣ ಅಳಿಸುತ್ತಿದ್ದುದು ಕಂಪ್ಯೂಟರಿನಲ್ಲಿದ್ದುದನ್ನು ಮಾತ್ರ. ರಿಜಿಸ್ಟರು ಮೇಜಿನ ಮೇಲೆ ಹಾಗೇ ಇರುತ್ತಿತ್ತು.